ವ್ಯಾನಿನ ಪಂಪು ಕೆಮ್ಮುತ್ತಿದೆ, ಹೊಸ ಪಂಪು ಹಾಕಿದರೂ ಅದೇ ಕಥೆ

ಗಾಜುಗಾರ (ತುಮಕೂರು), ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ತುಮಕೂರಿನಲ್ಲಿ ಕಟ್ಟಡಗಳ ಗಾಜು ತೊಳೆಯುವ ಕೆಲಸ ಮಾಡುತ್ತೇವೆ. ಬಿ.ಎಚ್. ರಸ್ತೆಯ ಕೆಲವು ಷೋರೂಮುಗಳು, ಎರಡು ಆಸ್ಪತ್ರೆಗಳು, ಒಂದು ಕಾಲೇಜು ನಮ್ಮ ಕಾಯಂ ಗಿರಾಕಿಗಳು. ಆಯುಧಪೂಜೆಗೆ ಇನ್ನು ಒಂಬತ್ತು ದಿನ ಇದೆ, ಎಲ್ಲರಿಗೂ ಹಬ್ಬಕ್ಕೆ ಮುಂಚೆಯೇ ಗಾಜು ಹೊಳೆಯಬೇಕು. ಇಂಥ ಹೊತ್ತಿನಲ್ಲಿ ಪಂಪು ಕೈಕೊಟ್ಟಿದೆ.

ವ್ಯವಸ್ಥೆ ಹೀಗಿದೆ. ಸರಕಿನ ವ್ಯಾನಿನ ಹಿಂಭಾಗದಲ್ಲಿ 350 ಲೀಟರಿನ ಟ್ಯಾಂಕು. ಅದರ ಪಕ್ಕದಲ್ಲಿ 12 ವೋಲ್ಟಿನ ಡಯಾಫ್ರಮ್ ಪಂಪು. ನಿಮಿಷಕ್ಕೆ 5 ಲೀಟರ್, ಒತ್ತಡ 100 ಪಿಎಸ್‌ಐ ಎಂದು ಅದರ ಮೈಮೇಲೆ ಬರೆದಿದೆ. ಚಾಲಕನ ಸೀಟಿನ ಹಿಂದೆ ಪಂಪಿಗೆಂದೇ ಪ್ರತ್ಯೇಕವಾದ 100 ಎಎಚ್ ಬ್ಯಾಟರಿ. ನಡುವೆ ವೇಗ ಹೆಚ್ಚುಕಡಿಮೆ ಮಾಡುವ ಕಂಟ್ರೋಲರ್. ಪಂಪಿನಿಂದ 100 ಮೀಟರ್ ಪೈಪಿನ ಸುರುಳಿ, ಪೈಪಿನ ತುದಿಗೆ ಕಾರ್ಬನ್ ಫೈಬರ್ ಕೋಲು, ಕೋಲಿನ ತಲೆಗೆ ಬ್ರಷ್ಷು. ನೆಲದ ಮೇಲೆ ನಿಂತೇ ಮೂರನೆಯ ಮಹಡಿಯ ಗಾಜು ತೊಳೆಯಬಹುದು.

ಕ್ಯಾತ್ಸಂದ್ರದ ನಮ್ಮ ಷೆಡ್ಡಿನ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 940 ಇದೆ. ಆರ್‌ಒ ಫಿಲ್ಟರ್ ದಾಟಿದ ಮೇಲೆ 50ರ ಆಸುಪಾಸು, ಉಳಿದ ಲವಣವನ್ನು ಹೀರುವ ರೆಸಿನ್ ಕಾಳು ತುಂಬಿದ ಸಿಲಿಂಡರ್ ದಾಟಿದ ಮೇಲೆ ಸೊನ್ನೆ ಅಥವಾ ಒಂದು. ಆ ನೀರೇ ಟ್ಯಾಂಕಿಗೆ ಹೋಗುವುದು. ಗಾಜನ್ನು ಒರೆಸಬೇಕಾಗಿಲ್ಲ, ತಾನಾಗಿ ಒಣಗಿದರೂ ಕಲೆ ಉಳಿಯುವುದಿಲ್ಲ.

ಈಗ ತೊಂದರೆ. ಬೆಳಿಗ್ಗೆ ಅರ್ಧ ಗಂಟೆ ಪಂಪು ಸರಿಯಾಗಿ ಓಡುತ್ತದೆ. ಆಮೇಲೆ ನಾಲ್ಕೈದು ಸೆಕೆಂಡು ಓಡುವುದು, ಒಂದು ಕ್ಷಣ ನಿಲ್ಲುವುದು, ಮತ್ತೆ ಓಡುವುದು. ಥೇಟ್ ಕೆಮ್ಮಿದ ಹಾಗೆ. ಮೂರನೆಯ ಮಹಡಿಗೆ ಬ್ರಷ್ ಏರಿಸಿದರೆ ನೀರು ಚಿಮ್ಮುವುದರ ಬದಲು ತೊಟ್ಟಿಕ್ಕುತ್ತದೆ. ಅಂಗಡಿಯವರು ಪಂಪು ಹೋಗಿದೆ ಎಂದರು. ನಾಲ್ಕು ಸಾವಿರದ ಚಿಲ್ಲರೆ ಕೊಟ್ಟು ಅದೇ ಮಾದರಿಯ ಹೊಸದನ್ನು ತಂದು ಹಾಕಿದೆ. ನೀರು ಎರಡು ದಿನ ಜೋರಾಗಿ ಬಂತು, ಆದರೆ ಕೆಮ್ಮು ಮಾತ್ರ ಮೊದಲ ದಿನವೂ ಇತ್ತು. ಮೂರನೆಯ ದಿನದಿಂದ ನೀರೂ ಕಡಿಮೆಯಾಯಿತು. ಮತ್ತೊಂದು ಪಂಪು ಕೊಳ್ಳುವ ಶಕ್ತಿ ನನಗಿಲ್ಲ. ತಿಳಿದವರು ದಾರಿ ತೋರಿಸಿ.

ಬಕೆಟ್ಟೇ ಸಾಕು (ಶಿರಾ), ಸೋಮವಾರ ರಾತ್ರಿ 9.52

ಒಂದು ಬಕೆಟ್ಟು, ಒಂದು ಬಟ್ಟೆ, ಒಂದು ರಬ್ಬರ್ ಪಟ್ಟಿ. ನನ್ನ ಮಾವ ಮೂವತ್ತು ವರ್ಷ ಇದರಲ್ಲೇ ಗಾಜು ಒರೆಸಿದರು. ಅವರ ಬಕೆಟ್ಟು ಒಂದು ದಿನವೂ ಕೆಮ್ಮಲಿಲ್ಲ.

ಗುಬ್ಬಿ ರಿವೈಂಡಿಂಗ್, ಸೋಮವಾರ ರಾತ್ರಿ 10.15

ಯಜಮಾನರೇ, ಮಗುವಿಗೆ ಜ್ವರ ಎಂದು ಹೇಳಿದಿರಿ, ಮಾತ್ರೆಯನ್ನೂ ಕೊಟ್ಟಿರಿ, ಥರ್ಮಾಮೀಟರ್ ಇಟ್ಟಿರಾ? ನಿಮ್ಮ ಬರಹದಲ್ಲಿ ಎಲ್ಲ ಅಂಕಿಗಳೂ ಇವೆ, ನನಗೆ ಬೇಕಾದ ಒಂದು ಮಾತ್ರ ಇಲ್ಲ. ಪಂಪು ಓಡುತ್ತಿರುವಾಗ, ಪಂಪಿನ ಎರಡು ವೈರುಗಳ ಬುಡದಲ್ಲಿ ಎಷ್ಟು ವೋಲ್ಟು ಇದೆ? ಬ್ಯಾಟರಿಯ ತಲೆಯ ಮೇಲೆ ಅಳೆದದ್ದು ಬೇಡ. ಪಂಪು ನಿಂತಿರುವಾಗ ಅಳೆದದ್ದು ಅದಕ್ಕಿಂತಲೂ ಬೇಡ.

ನಾನು ಇಪ್ಪತ್ತಾರು ವರ್ಷದಿಂದ ಬೋರ್‌ವೆಲ್ ಮೋಟಾರು ಸುತ್ತುತ್ತಿದ್ದೇನೆ. ತೋಟದವರು ಮೋಟಾರು ಸುಟ್ಟಿತು ಎಂದು ತರುತ್ತಾರೆ, ಸುತ್ತಿ ಕೊಡುತ್ತೇನೆ, ಹದಿನೈದು ದಿನಕ್ಕೆ ಮತ್ತೆ ಅದೇ ಮೋಟಾರು ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಹೋಗಿ ನೋಡಿದರೆ ಸ್ಟಾರ್ಟರಿನಲ್ಲಿ ಒಂದು ಕಡೆ ವೈರು ಸಡಿಲವಾಗಿರುತ್ತದೆ. ಮೋಟಾರು ಪಾಪ, ಏನು ಮಾಡಿತು?

ಇನ್ನೊಂದು ಅನುಮಾನವೂ ಇದೆ. ನಮ್ಮ ಕಡೆಯ ನೀರು ಎಂಥದು ಎಂದು ಎಲ್ಲರಿಗೂ ಗೊತ್ತು. ಪಂಪಿನ ವಾಲ್ವಿನಲ್ಲಿ ಸುಣ್ಣ ಕಟ್ಟಿರಬಹುದು. ಅದು ಎರಡನೆಯ ಮಾತು. ಮೊದಲು ವೋಲ್ಟು ಹೇಳಿ.

ಗಾಜುಗಾರ (ತುಮಕೂರು), ಸೋಮವಾರ ರಾತ್ರಿ 10.31

ನಾಳೆ ಮಲ್ಟಿಮೀಟರ್ ತಂದು ಅಳೆಯುತ್ತೇನೆ ಸರ್. ನಿಜ ಹೇಳಬೇಕೆಂದರೆ ನಮ್ಮ ಬಳಿ ಅದು ಇರಲೇ ಇಲ್ಲ.

ಶಿರಾದ ಅಣ್ಣನವರಿಗೆ: ನಾನೂ ಬಕೆಟ್ಟಿನಿಂದಲೇ ಶುರು ಮಾಡಿದವನು. ಎರಡನೆಯ ಮಹಡಿಯ ಸಜ್ಜಾದ ಮೇಲೆ ಏಣಿ ಜಾರಿ ನಮ್ಮ ಹುಡುಗನ ಮುಂಗೈ ಮುರಿದ ಮೇಲೆ ಏಣಿಯನ್ನು ಮಾರಿ ಈ ಕೋಲು ತಂದೆ. ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ದ್ರಾಕ್ಷಿತೋಟ (ಚಿಕ್ಕಬಳ್ಳಾಪುರ), ಮಂಗಳವಾರ ಬೆಳಿಗ್ಗೆ 6.20

ನಾನು ಗಾಜು ತೊಳೆಯುವವನಲ್ಲ, ದ್ರಾಕ್ಷಿ ಬೆಳೆಯುವವನು. ಆದರೆ ನೀವು ಹೇಳುವ ಪಂಪಿನ ತಮ್ಮ ನನ್ನ ಬೆನ್ನ ಮೇಲೆಯೇ ಇದ್ದಾನೆ. ಬ್ಯಾಟರಿ ಸ್ಪ್ರೇಯರಿನೊಳಗೆ ಇರುವುದೂ ಇದೇ ಜಾತಿಯ 12 ವೋಲ್ಟಿನ ಡಯಾಫ್ರಮ್ ಪಂಪು. ಔಷಧಿ ಹೊಡೆಯುವ ಕಾಲದಲ್ಲಿ ದಿನಕ್ಕೆ ಒಂದು ಸಲವಾದರೂ ಅದರೊಡನೆ ಜಗಳ ಆಗುತ್ತದೆ.

ನಮ್ಮಲ್ಲಿ ಹತ್ತಕ್ಕೆ ಆರು ಸಲ ತಪ್ಪು ಪಂಪಿನದಲ್ಲ, ಎಳೆಯುವ ಕಡೆಯದು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಪಂಪು ನೀರಿನ ಜೊತೆಗೆ ಗಾಳಿಯನ್ನೂ ಕುಡಿಯುತ್ತದೆ. ತಮಾಷೆ ಏನೆಂದರೆ ಅಲ್ಲಿಂದ ನೀರು ಹೊರಗೆ ಸೋರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಒದ್ದೆಯಾದ ಜಾಗ ಹುಡುಕಿದರೆ ಏನೂ ಸಿಗುವುದಿಲ್ಲ. ಪಂಪಿನ ಬಾಯಿಗೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ ನೋಡಿ. ನೀರು ಗಾಜಿನ ಹಾಗೆ ನಿಂತಿದ್ದರೆ ಸರಿ. ಗುಳ್ಳೆಗಳು ಸಾಲಾಗಿ ಓಡುತ್ತಿದ್ದರೆ ಹೋಸ್ ಕ್ಲಿಪ್ ಬಿಗಿ ಮಾಡಿ. ಜಾಲರಿ ಇರುವ ಫಿಲ್ಟರಿನ ಮುಚ್ಚಳ ಬಿಚ್ಚಿ ಒಳಗಿನ ರಬ್ಬರ್ ಉಂಗುರ ನೋಡಿ. ಅದು ಒಣಗಿ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಯಾರೋ ಅವಸರದಲ್ಲಿ ಅಡ್ಡಡ್ಡ ಕೂರಿಸಿರುತ್ತಾರೆ. ಹಾಗೆಯೇ ಜಾಲರಿಯನ್ನೂ ತೊಳೆಯಿರಿ.

ಮರಳಿ ಬಂದವನು (ಕೋಲಾರ), ಮಂಗಳವಾರ ಬೆಳಿಗ್ಗೆ 8.05

ದುಬೈಯಲ್ಲಿ ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಅಲ್ಲಿನ ಧೂಳಿನಲ್ಲಿ ಪಂಪಿನ ಎಲ್ಲ ರೋಗಗಳನ್ನೂ ನೋಡಿದ್ದೇನೆ. ‘ಕೆಮ್ಮುತ್ತದೆ’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾಯಿಲೆಗಳಿವೆ, ಕಿವಿಗೊಟ್ಟು ಕೇಳಿದರೆ ಬೇರೆ ಮಾಡಬಹುದು.

ಪಂಪಿನ ತಲೆಯಲ್ಲಿ ಪ್ರೆಷರ್ ಸ್ವಿಚ್ ಇರುತ್ತದೆ. ಮುಂದೆ ನೀರು ಹೋಗಲು ದಾರಿ ಇಲ್ಲದೆ ಒತ್ತಡ ಏರಿ ಅದರ ಮಿತಿ ಮುಟ್ಟಿದರೆ ಸ್ವಿಚ್ಚು ಪಂಪನ್ನು ನಿಲ್ಲಿಸುತ್ತದೆ, ಒತ್ತಡ ಇಳಿದರೆ ಮತ್ತೆ ಬಿಡುತ್ತದೆ. ಆಗ ಸದ್ದು ಟಕ್ ಟಕ್ ಎಂದು ಚುರುಕಾಗಿರುತ್ತದೆ, ನಿಲ್ಲುವ ಮುಂಚೆ ಮೋಟಾರು ತಿಣುಕುತ್ತದೆ, ಪೈಪು ಕೈಯಲ್ಲಿ ಬಿಗಿಯಾಗುತ್ತದೆ. ಬ್ರಷ್ಷಿನಲ್ಲಿ ನೀರು ಚಿಮ್ಮುವ ಜೆಟ್ ಕಟ್ಟಿಕೊಂಡಿದ್ದರೆ ಅಥವಾ ಪೈಪು ಎಲ್ಲೋ ಮಡಚಿ ವ್ಯಾನಿನ ಚಕ್ರದ ಕೆಳಗೆ ಸಿಕ್ಕಿದ್ದರೆ ಹೀಗೆ. ನಗಬೇಡಿ, ನನ್ನದೇ ಚಕ್ರದ ಕೆಳಗೆ ಎರಡು ಸಲ ಸಿಕ್ಕಿದೆ.

ಮೋಟಾರು ಹಗುರವಾಗಿ, ಖಾಲಿ ಗಿರಣಿಯ ಹಾಗೆ ಸದ್ದು ಮಾಡುತ್ತಾ ಓಡುತ್ತಿದೆ, ನೀರು ಮಾತ್ರ ಬರುತ್ತಿಲ್ಲ ಎಂದರೆ ಎಳೆಯುವ ಕಡೆ ಗಾಳಿ, ಅಥವಾ ಒಳಗಿನ ವಾಲ್ವಿನಲ್ಲಿ ಕಸ. ಮೋಟಾರಿನ ದನಿಯೇ ಕುಗ್ಗಿ, ನಿಧಾನವಾಗಿ, ಆಯಾಸದಿಂದ ತಿರುಗಿದರೆ ವೋಲ್ಟೇಜು ಸಾಲುತ್ತಿಲ್ಲ.

ನಾಲ್ಕನೆಯದು ಕಂಟ್ರೋಲರ್. ಹಲವು ಕಂಟ್ರೋಲರುಗಳಲ್ಲಿ ಬ್ಯಾಟರಿಯನ್ನು ಕಾಪಾಡಲು ಒಂದು ಕಾವಲು ಇರುತ್ತದೆ. ವೋಲ್ಟೇಜು ಒಂದು ಮಟ್ಟಕ್ಕಿಂತ ಇಳಿದರೆ ಪಂಪನ್ನು ನಿಲ್ಲಿಸುತ್ತದೆ. ಇದರಲ್ಲಿ ಒಂದು ಮೋಸ ಇದೆ. ಪಂಪು ನಿಂತ ಕೂಡಲೇ ಕರೆಂಟು ಎಳೆಯುವವರು ಯಾರೂ ಇಲ್ಲ, ವೋಲ್ಟೇಜು ಮೇಲೇಳುತ್ತದೆ. ಬ್ಯಾಟರಿ ಚೆನ್ನಾಗಿದೆಯಲ್ಲ ಎಂದುಕೊಂಡು ಕಂಟ್ರೋಲರ್ ಮತ್ತೆ ಪಂಪನ್ನು ಬಿಡುತ್ತದೆ. ಪಂಪು ಎಳೆಯುತ್ತದೆ, ವೋಲ್ಟೇಜು ಇಳಿಯುತ್ತದೆ, ಮತ್ತೆ ನಿಲ್ಲುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಸರಿಯಿದ್ದು ಆಮೇಲೆ ಶುರುವಾಗುತ್ತದೆ ಎಂದು ಬರೆದಿದ್ದೀರಿ. ನನ್ನ ಅನುಮಾನ ಇದರ ಮೇಲೆಯೇ. ಗುಬ್ಬಿಯ ಹಿರಿಯರು ಕೇಳಿದ ಅಂಕಿ ಬೇಗ ಹೇಳಿ.

ಸುಣ್ಣದ ವಿಷಯದಲ್ಲಿ ಮಾತ್ರ ಹಿರಿಯರ ಮಾತನ್ನು ಒಪ್ಪಲಾರೆ. ಈ ಪಂಪಿಗೆ ಬರುವ ನೀರಿನ ಟಿಡಿಎಸ್ ಸೊನ್ನೆ. ಕಟ್ಟಲು ಸುಣ್ಣವೇ ಇಲ್ಲ.

ಗುಬ್ಬಿ ರಿವೈಂಡಿಂಗ್, ಮಂಗಳವಾರ ಬೆಳಿಗ್ಗೆ 8.30

ಸರಿಯಾದ ಮಾತು. ಆರ್‌ಒ ಇರುವುದನ್ನು ನಾನು ಓದಿದ್ದೆ, ಮನಸ್ಸಿಗೆ ಇಳಿದಿರಲಿಲ್ಲ. ಸುಣ್ಣದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಗಾಜುಗಾರ (ತುಮಕೂರು), ಮಂಗಳವಾರ ಸಂಜೆ 7.10

ಅಳೆದೆ. ಪಂಪು ನಿಂತಿರುವಾಗ ಬ್ಯಾಟರಿ 12.6. ಪಂಪು ಓಡುವಾಗ ಬ್ಯಾಟರಿಯ ತಲೆಯ ಮೇಲೆ 12.3. ಅದೇ ಹೊತ್ತಿಗೆ ಪಂಪಿನ ಬುಡದಲ್ಲಿ 10.4.

ಮೀಟರೇ ಕೆಟ್ಟಿದೆ ಎಂದುಕೊಂಡು ಪಕ್ಕದ ಎಲೆಕ್ಟ್ರಿಷಿಯನ್ ಬಳಿ ಇನ್ನೊಂದು ತಂದೆ. ಅದೂ 10.4 ಎಂದಿತು. ಕರೆಂಟು ಎಷ್ಟು ಎಂದು ಅವರ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿದೆವು, 8 ಆಂಪಿಯರ್.

ವೈರು ಬ್ಯಾಟರಿಯಿಂದ ಹಿಂದಿನವರೆಗೆ ಮೂರೂವರೆ ಮೀಟರ್ ಇದೆ. ಮನೆಯ ವೈರಿಂಗಿನಲ್ಲಿ ಉಳಿದಿದ್ದ 1 ಚದರ ಮಿಲಿಮೀಟರ್ ವೈರನ್ನೇ ಎಳೆದಿದ್ದೆ. ಪ್ಲಸ್ ಮಾತ್ರ ವೈರಿನಲ್ಲಿ, ಮೈನಸ್ಸನ್ನು ಹಿಂಬದಿಯಲ್ಲಿ ವ್ಯಾನಿನ ಮೈಗೇ ಒಂದು ಬೋಲ್ಟು ಹಾಕಿ ಕೊಟ್ಟಿದ್ದೆ. ಪಾರದರ್ಶಕ ಪೈಪನ್ನೂ ಹಾಕಿ ನೋಡಿದೆ, ಗುಳ್ಳೆ ಒಂದೂ ಇಲ್ಲ. ಚಿಕ್ಕಬಳ್ಳಾಪುರದವರಿಗೆ ಧನ್ಯವಾದ, ಒಂದು ಅನುಮಾನ ಕಳೆಯಿತು.

ನರಸಾಪುರ ಪಾಳಿ (ಕೋಲಾರ), ಮಂಗಳವಾರ ರಾತ್ರಿ 11.45

ರಾತ್ರಿ ಪಾಳಿಯ ಊಟದ ಹೊತ್ತಿನಲ್ಲಿ ಓದಿದೆ, ಸುಮ್ಮನಿರಲಾಗಲಿಲ್ಲ. ಕಾರ್ಖಾನೆಯಲ್ಲಿ ವಿದ್ಯುತ್ ನಿರ್ವಹಣೆ ನನ್ನ ಕೆಲಸ.

12.3ರಲ್ಲಿ 10.4 ಕಳೆದರೆ 1.9 ವೋಲ್ಟು ದಾರಿಯಲ್ಲೇ ಕಳೆದುಹೋಗಿದೆ. ಎಲ್ಲಿ ಎಂದು ಊಹಿಸಬೇಕಾಗಿಲ್ಲ, ಮೀಟರಿನಿಂದಲೇ ಹಿಡಿಯಬಹುದು. 1 ಚದರ ಮಿಲಿಮೀಟರ್ ತಾಮ್ರದ ವೈರು ಕಿಲೋಮೀಟರಿಗೆ ಸುಮಾರು 19 ಓಮ್. ಮೂರೂವರೆ ಮೀಟರಿಗೆ 0.07 ಓಮ್ ಸನಿಹ. 8 ಆಂಪಿಯರ್ ಹರಿದರೆ ನಷ್ಟ ಅರ್ಧ ವೋಲ್ಟು ಮಾತ್ರ. ಉಳಿದ 1.4 ವೋಲ್ಟು ವೈರಿನ ತಪ್ಪಲ್ಲ, ಕೀಲುಗಳದು.

ಹೀಗೆ ಮಾಡಿ. ಪಂಪು ಓಡುತ್ತಿರಲಿ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೂ ಕೆಂಪು ಕಡ್ಡಿಯನ್ನು ಪಂಪಿನ ಮೈನಸ್ ವೈರಿಗೂ ಇಡಿ. ಎರಡೂ ಮೈನಸ್ಸೇ ಆದ್ದರಿಂದ ಸೊನ್ನೆ ಇರಬೇಕು. ಸೊನ್ನೆ ಇಲ್ಲದಿದ್ದರೆ ಎಷ್ಟು ತೋರಿಸುತ್ತದೋ ಅಷ್ಟನ್ನು ವ್ಯಾನಿನ ಮೈ ತಿನ್ನುತ್ತಿದೆ. ಅದೇ ರೀತಿ ಫ್ಯೂಸಿನ ಹಿಂದೆ ಮುಂದೆ ಒಂದೊಂದು ಕಡ್ಡಿ ಇಟ್ಟು ನೋಡಿ. ಈ ಅಳತೆಗೆ ಒಂದು ವೈರನ್ನೂ ಬಿಚ್ಚಬೇಕಾಗಿಲ್ಲ. ಹಾಗೆಯೇ ಆ ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿ.

ಗಾಜುಗಾರ (ತುಮಕೂರು), ಬುಧವಾರ ಮಧ್ಯಾಹ್ನ 1.20

ಮುಟ್ಟಿದೆ. ಬಿಸಿ ದೋಸೆಯ ಹೆಂಚಿನಷ್ಟಲ್ಲದಿದ್ದರೂ ಕಾಫಿ ಲೋಟದಷ್ಟು ಬೆಚ್ಚಗಿತ್ತು!

ಮೈನಸ್ಸಿನಿಂದ ಮೈನಸ್ಸಿಗೆ 1.2 ವೋಲ್ಟು. ಫ್ಯೂಸಿನ ಹಿಡಿಕೆಯಲ್ಲಿ 0.2. ವೈರಿನಲ್ಲಿ 0.5. ಕೂಡಿದರೆ ಸರಿಯಾಗಿ 1.9. ಲೆಕ್ಕ ಹೀಗೆ ಕೂಡಿಬಂದದ್ದು ನನ್ನ ಜೀವನದಲ್ಲಿ ಎಸ್‌ಎಸ್‌ಎಲ್‌ಸಿ ಗಣಿತದ ನಂತರ ಇದೇ ಮೊದಲು.

ಬೋಲ್ಟು ಬಿಚ್ಚಿದೆ. ನಾನು ಅದನ್ನು ಹಾಕುವಾಗ ಬಣ್ಣ ಕೆರೆದಿರಲಿಲ್ಲ. ವಾಷರಿನ ಕೆಳಗೆ ಬಿಳಿ ಬಣ್ಣ ಹಾಗೆಯೇ ಇತ್ತು, ಬೋಲ್ಟಿನ ತಿರುಪಿನ ಮರೆ ಮಾತ್ರ ತಗಡನ್ನು ಮುಟ್ಟುತ್ತಿತ್ತು. ಅದರ ಸುತ್ತ ಟ್ಯಾಂಕಿನ ನೀರು ತುಳುಕಿ ತುಳುಕಿ ತುಕ್ಕು ಉಂಗುರ ಕಟ್ಟಿತ್ತು. ತಗಡು ಬೆರಳಿನಲ್ಲಿ ಉದುರಿತು. ಎರಡು ವರ್ಷದಿಂದ ಇಷ್ಟರ ಮೇಲೆಯೇ ಪಂಪು ಓಡಿದೆ.

ಈಗ 4 ಚದರ ಮಿಲಿಮೀಟರಿನ ಎರಡು ವೈರು ತಂದು ಪ್ಲಸ್ ಮತ್ತು ಮೈನಸ್ ಎರಡನ್ನೂ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದೇನೆ. ಪಂಪಿನ ಬುಡದಲ್ಲಿ 12.0. ಕೆಮ್ಮು ಪೂರ್ತಿ ನಿಂತಿದೆ. ಹುಡುಗರು ಚಪ್ಪಾಳೆ ತಟ್ಟಿದರು.

ನರಸಾಪುರ ಪಾಳಿ (ಕೋಲಾರ), ಬುಧವಾರ ಮಧ್ಯಾಹ್ನ 2.05

ಚಪ್ಪಾಳೆ ಇರಲಿ. ನೇರವಾಗಿ ಬ್ಯಾಟರಿಗೇ ಕೊಟ್ಟೆ ಎಂದಿರಲ್ಲ, ಪ್ಲಸ್ ವೈರಿನಲ್ಲಿ ಫ್ಯೂಸ್ ಇದೆಯೇ?

ಗಾಜುಗಾರ (ತುಮಕೂರು), ಬುಧವಾರ ಮಧ್ಯಾಹ್ನ 2.09

ಇಲ್ಲ. ಹಿಡಿಕೆಯಲ್ಲಿ ವೋಲ್ಟು ಪೋಲಾಗುತ್ತಿತ್ತಲ್ಲ, ಕಿತ್ತು ಹಾಕಿದೆ.

ನರಸಾಪುರ ಪಾಳಿ (ಕೋಲಾರ), ಬುಧವಾರ ಮಧ್ಯಾಹ್ನ 2.14

ದಯವಿಟ್ಟು ಈಗಲೇ ವ್ಯಾನು ನಿಲ್ಲಿಸಿ ಆ ವೈರನ್ನು ಬ್ಯಾಟರಿಯಿಂದ ಬಿಚ್ಚಿ. ಓಡಾಡುವ ಗಾಡಿ, ತಗಡಿನ ಅಂಚು, ನಡುವೆ 100 ಎಎಚ್ ಬ್ಯಾಟರಿಯ ಬರಿ ಪ್ಲಸ್ ವೈರು. ಪ್ಲಾಸ್ಟಿಕ್ ಸವೆದು ತಾಮ್ರ ಒಮ್ಮೆ ತಗಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿಯುತ್ತದೆ. ವೈರು ಕೆಂಪಗಾಗಿ ಸೀಟಿಗೆ ಬೆಂಕಿ ಹತ್ತುವುದಕ್ಕೆ ನಿಮಿಷವೂ ಬೇಡ. ಫ್ಯೂಸಿನ ಹಿಡಿಕೆ ಸಡಿಲವಾಗಿದ್ದರೆ ಹೊಸ ಹಿಡಿಕೆ ತನ್ನಿ, ಫ್ಯೂಸನ್ನೇ ಕಿತ್ತರೆ ಹೇಗೆ? 15 ಆಂಪಿಯರಿನ ಬ್ಲೇಡ್ ಫ್ಯೂಸ್ ಹಾಕಿ, ಅದು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಲಿ. ಪಂಪಿನ ಹತ್ತಿರ ಹಾಕಿದರೆ ನಡುವಿನ ವೈರಿಗೆ ಕಾವಲಿಲ್ಲ.

ಬ್ಯಾಟರಿಯನ್ನು ಪಟ್ಟಿ ಹಾಕಿ ಬಿಗಿದಿದ್ದೀರಾ? ರಾತ್ರಿ ಚಾರ್ಜಿಗೆ ಹಾಕುವಾಗ ವ್ಯಾನಿನ ಬಾಗಿಲು ತೆರೆದಿಡುತ್ತೀರಾ? ನೀರು ಹಾಕುವ ಬ್ಯಾಟರಿ ಚಾರ್ಜಾಗುವಾಗ ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ.

ಗಾಜುಗಾರ (ತುಮಕೂರು), ಬುಧವಾರ ಮಧ್ಯಾಹ್ನ 3.30

ಫ್ಯೂಸ್ ಹಾಕಿದೆ, ಬ್ಯಾಟರಿಯಿಂದ ನಾಲ್ಕು ಬೆರಳು ದೂರದಲ್ಲಿ. ಬೈದದ್ದಕ್ಕೆ ಋಣಿ. ಬಾಗಿಲನ್ನೂ ಇಂದಿನಿಂದ ತೆರೆದಿಡುತ್ತೇನೆ.

ಗಾಜುಗಾರ (ತುಮಕೂರು), ಗುರುವಾರ ರಾತ್ರಿ 8.50

ಅರ್ಧ ಸಂತೋಷ, ಅರ್ಧ ಬೇಸರ. ಇಂದು ಇಡೀ ದಿನ ಪಂಪು ಒಂದೇ ಸಲವೂ ನಿಲ್ಲಲಿಲ್ಲ. ಆದರೆ ನೀರು ಇನ್ನೂ ಸೊರಗಿದೆ. ನೆಲಮಹಡಿಗೆ ಸಾಕು, ಮೇಲೆ ಹೋದಂತೆ ಬ್ರಷ್ಷಿನ ನಾಲ್ಕು ಜೆಟ್‌ಗಳಲ್ಲಿ ಎರಡು ಮಾತ್ರ ಚಿಮ್ಮುತ್ತವೆ. ಮೂರನೆಯ ಮಹಡಿಯ ಎತ್ತರವೇ ಈ ಪಂಪಿಗೆ ಹೆಚ್ಚಾಯಿತೇ?

ಮರಳಿ ಬಂದವನು (ಕೋಲಾರ), ಗುರುವಾರ ರಾತ್ರಿ 9.30

ಎತ್ತರವನ್ನು ಬೈಯಬೇಡಿ. ಹತ್ತು ಮೀಟರ್ ನೀರನ್ನು ಮೇಲೆತ್ತಲು ಬೇಕಾಗುವುದು 1 ಬಾರ್, ಅಂದರೆ 14 ಪಿಎಸ್‌ಐ. ನಿಮ್ಮ ಪಂಪಿನ ಮಿತಿ 100. ಒತ್ತಡವನ್ನು ತಿನ್ನುವುದು ಎತ್ತರವಲ್ಲ, ಸುರುಳಿಯಲ್ಲಿರುವ 100 ಮೀಟರ್ ಪೈಪು. ಒಳವ್ಯಾಸ 6 ಮಿಲಿಮೀಟರ್ ಇದ್ದು ನಿಮಿಷಕ್ಕೆ 2 ಲೀಟರ್ ಹರಿದರೆ ಆ ಉದ್ದಕ್ಕೆ ಸುಮಾರು 4 ಬಾರ್ ಘರ್ಷಣೆಯಲ್ಲೇ ಹೋಗುತ್ತದೆ. 8 ಮಿಲಿಮೀಟರ್ ಪೈಪಾದರೆ ಅದೇ ಹರಿವಿಗೆ 1 ಬಾರ್ ಸಾಕು. ವ್ಯತ್ಯಾಸ ಎರಡೇ ಮಿಲಿಮೀಟರ್, ಹೊರೆ ನಾಲ್ಕು ಪಟ್ಟು.

ಆದರೂ ನಿಮ್ಮ ಪೈಪು ಮೊದಲಿನಿಂದಲೂ ಅದೇ ಆದ್ದರಿಂದ ಹೊಸ ತೊಂದರೆಗೆ ಅದು ಕಾರಣವಲ್ಲ. ದಾರಿಯನ್ನು ಎರಡು ಭಾಗ ಮಾಡಿ. ಪಂಪು ಹೊರಬಿಡುವ ಬಾಯಿಯಲ್ಲೇ ಪೈಪನ್ನು ಕಳಚಿ. ಕಂಟ್ರೋಲರ್ ಪೂರ್ತಿ ವೇಗದಲ್ಲಿರಲಿ. ಒಂದು ಲೀಟರಿನ ನೀರಿನ ಬಾಟಲಿ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. ನಿಮಿಷಕ್ಕೆ 5 ಲೀಟರಿನ ಪಂಪು ಬಾಟಲಿಯನ್ನು 12 ಸೆಕೆಂಡಿನಲ್ಲಿ ತುಂಬಬೇಕು. ತುಂಬಿದರೆ ತಪ್ಪು ಸುರುಳಿ, ಕೋಲು, ಜೆಟ್ ಈ ಮೂರರಲ್ಲಿ. ತುಂಬದಿದ್ದರೆ ಪಂಪಿನಲ್ಲಿ ಅಥವಾ ಅದರ ಹಿಂದೆ.

ಗಾಜುಗಾರ (ತುಮಕೂರು), ಶುಕ್ರವಾರ ಬೆಳಿಗ್ಗೆ 7.15

23 ಸೆಕೆಂಡು. ಮೂರು ಸಲ ನೋಡಿದೆ.

ಗುಬ್ಬಿ ರಿವೈಂಡಿಂಗ್, ಶುಕ್ರವಾರ ಬೆಳಿಗ್ಗೆ 7.40

ಹಾಗಾದರೆ ತಲೆ ಬಿಚ್ಚಿ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ, ಕೆಳಗೆ ಬಿಳಿಯ ಪಂಚೆ ಹಾಸಿ. ಆ ಪಂಪಿನೊಳಗಿನ ಸಣ್ಣ ರಬ್ಬರುಗಳು ಹಾರಿ ವ್ಯಾನಿನ ಸಂದಿಗೆ ಬಿದ್ದರೆ ಹಬ್ಬ ಮುಗಿದ ಮೇಲೆಯೂ ಸಿಗುವುದಿಲ್ಲ.

ಗಾಜುಗಾರ (ತುಮಕೂರು), ಶುಕ್ರವಾರ ರಾತ್ರಿ 10.05

ಬಿಚ್ಚಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕ್ಷಮಿಸಿ.

ತಲೆಯ ಸ್ಕ್ರೂಗಳನ್ನು ತೆಗೆದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎತ್ತಿದರೆ ಒಳಗೆ ಮೂರು ಪುಟ್ಟ ಕೋಣೆಗಳು. ಪ್ರತಿ ಕೋಣೆಗೂ ಅಣಬೆಯ ಆಕಾರದ ರಬ್ಬರ್ ವಾಲ್ವು. ಅದು ಒಂದು ಕಡೆಗೆ ಮಾತ್ರ ತೆರೆದುಕೊಂಡು ನೀರನ್ನು ಹಿಂದಕ್ಕೆ ಬಿಡದಂತೆ ಮುಚ್ಚಿಕೊಳ್ಳಬೇಕು. ಎರಡು ವಾಲ್ವುಗಳ ತುಟಿಯ ಕೆಳಗೆ ಏನೋ ಹೊಳೆಯುತ್ತಿತ್ತು. ಮೊದಲು ಮರಳು ಎಂದುಕೊಂಡೆ. ಸೂಜಿಯ ತುದಿಯಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡು ಮೊಬೈಲಿನ ಬೆಳಕು ಬಿಟ್ಟೆ. ಗಸಗಸೆಯಷ್ಟು ದುಂಡನೆಯ ಕಾಳುಗಳು, ಜೇನಿನ ಬಣ್ಣ, ಬೆಳಕು ಅದರೊಳಗಿಂದಲೇ ಹಾದುಹೋಗುತ್ತದೆ. ಹನ್ನೊಂದು ಕಾಳು ಎಣಿಸಿದೆ. ಈ ಕಾಳನ್ನು ನಾನು ಚೀಲಗಟ್ಟಲೆ ಕೊಂಡಿದ್ದೇನೆ, ಗುರುತಿಸದೆ ಇರುವುದು ಹೇಗೆ? ರೆಸಿನ್!

ವಾಲ್ವು ಮುಚ್ಚಲು ಹೋದಾಗಲೆಲ್ಲ ಕಾಳು ಅಡ್ಡ ನಿಂತು ಬಾಯಿ ಸಂದಿ ಬಿಡುತ್ತಿತ್ತು. ಪಂಪು ಮುಂದಕ್ಕೆ ತಳ್ಳಿದ ನೀರಿನಲ್ಲಿ ಅರ್ಧ ಹಿಂದಕ್ಕೇ ಬರುತ್ತಿತ್ತು. ಬಟ್ಟೆಯಿಂದ ಒರೆಸಿ, ಶುದ್ಧ ನೀರಿನಲ್ಲಿ ತೊಳೆದು ಕೂರಿಸಿದೆ. ಬಾಟಲಿ 13 ಸೆಕೆಂಡಿನಲ್ಲಿ ತುಂಬಿತು.

ಆಮೇಲೆ ಒಂದು ಯೋಚನೆ ಬಂದು ಮೂಲೆಯಲ್ಲಿ ಎಸೆದಿದ್ದ ಹಳೆಯ ಪಂಪನ್ನೂ ಬಿಚ್ಚಿದೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾಳು. ತೊಳೆದು ಬ್ಯಾಟರಿಗೆ ಕೊಟ್ಟೆ. 13 ಸೆಕೆಂಡು. ಹೋಗಿದೆ ಎಂದು ಅಂಗಡಿಯವರು ತೀರ್ಪು ಕೊಟ್ಟ ಪಂಪು ಇದು. ನಾಲ್ಕು ಸಾವಿರ ನೆನಪಾಗಿ ಸ್ವಲ್ಪ ಹೊತ್ತು ಷೆಡ್ಡಿನ ಹೊಸ್ತಿಲ ಮೇಲೆ ಕುಳಿತಿದ್ದೆ.

ಮರಳಿ ಬಂದವನು (ಕೋಲಾರ), ಶುಕ್ರವಾರ ರಾತ್ರಿ 10.40

ರೆಸಿನ್ ಸಿಲಿಂಡರಿನ ತಳದಲ್ಲಿ ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ಬುಟ್ಟಿ ಇರುತ್ತದೆ, ನೀರು ಹೋಗಲಿ, ಕಾಳು ಹೋಗದಿರಲಿ ಎಂದು. ಅದು ಒಡೆದಿದೆ, ಅಥವಾ ರೆಸಿನ್ ಬದಲಿಸುವಾಗ ನಡುವಿನ ಕೊಳವೆ ಅದರ ಕೊರಳಿನಿಂದ ಎದ್ದಿದೆ. ಸಿಲಿಂಡರ್ ಖಾಲಿ ಮಾಡಿ ನೋಡಿ. ಟ್ಯಾಂಕನ್ನೂ ಪೂರ್ತಿ ತೊಳೆಯಿರಿ, ತಳದಲ್ಲಿ ಹಿಡಿಯಷ್ಟು ಕಾಳು ಸಿಗುತ್ತದೆ ಎಂದು ಬರೆದುಕೊಡುತ್ತೇನೆ.

ಆದರೆ ನನಗೆ ಒಂದು ಅರ್ಥವಾಗುತ್ತಿಲ್ಲ. ರೆಸಿನ್ ಕಾಳು 0.3ರಿಂದ 1.2 ಮಿಲಿಮೀಟರ್ ದಪ್ಪ ಇರುತ್ತದೆ. ಪಂಪಿಗೆ ಮುಂಚೆ ಇರುವ ಫಿಲ್ಟರಿನ ಜಾಲರಿ ಅದನ್ನು ಬಹುಪಾಲು ಹಿಡಿಯಲೇಬೇಕು. ಜಾಲರಿ ಕಟ್ಟಿಕೊಂಡು ನೀರು ನಿಂತಿದ್ದರೆ ಒಪ್ಪುತ್ತಿದ್ದೆ. ಕಾಳು ಪಂಪಿನವರೆಗೆ ಹೋದದ್ದು ಹೇಗೆ?

ದ್ರಾಕ್ಷಿತೋಟ (ಚಿಕ್ಕಬಳ್ಳಾಪುರ), ಶನಿವಾರ ಬೆಳಿಗ್ಗೆ 6.05

ನಾನು ಮಂಗಳವಾರವೇ ಜಾಲರಿ ತೊಳೆಯಿರಿ ಎಂದಿದ್ದೆ. ತೊಳೆದಿರಾ?

ಗಾಜುಗಾರ (ತುಮಕೂರು), ಶನಿವಾರ ಬೆಳಿಗ್ಗೆ 8.20

ಮುಚ್ಚಳ ಬಿಚ್ಚಿ ರಬ್ಬರ್ ಉಂಗುರ ಮಾತ್ರ ನೋಡಿದ್ದೆ ಸರ್. ಉಂಗುರ ಚೆನ್ನಾಗಿತ್ತು, ಮುಚ್ಚಿಬಿಟ್ಟೆ. ಈಗ ಬಿಚ್ಚಿ ನೋಡಿದರೆ ಒಳಗೆ ಜಾಲರಿಯೇ ಇಲ್ಲ!

ಹುಡುಗರನ್ನು ಕೂರಿಸಿ ಕೇಳಿದೆ. ಚಿಕ್ಕವನು ನೆಲ ನೋಡುತ್ತಾ ಒಪ್ಪಿಕೊಂಡ. ತಿಂಗಳ ಹಿಂದೆ ಜಾಲರಿ ದಿನಕ್ಕೆರಡು ಸಲ ಕಟ್ಟಿಕೊಳ್ಳುತ್ತಿತ್ತಂತೆ. ಆಸ್ಪತ್ರೆಯ ಕೆಲಸದ ನಡುವೆ ನನ್ನಿಂದ ಬೈಸಿಕೊಳ್ಳುವುದು ಬೇಡ ಎಂದು ತೆಗೆದುಬಿಟ್ಟನಂತೆ. ತೆಗೆದ ಮೇಲೆ ಅವತ್ತು ನೀರು ಜೋರಾಗಿ ಬಂತು, ನಾನು ಅವನ ಬೆನ್ನು ತಟ್ಟಿದ್ದು ನನಗೂ ನೆನಪಿದೆ.

ಗುಬ್ಬಿ ರಿವೈಂಡಿಂಗ್, ಶನಿವಾರ ಬೆಳಿಗ್ಗೆ 8.45

ಹುಡುಗನಿಗೆ ಹೊಡೆಯಬೇಡಿ. ಬೆನ್ನು ತಟ್ಟಿದವರು ನೀವೇ.

ಬಕೆಟ್ಟೇ ಸಾಕು (ಶಿರಾ), ಶನಿವಾರ ಬೆಳಿಗ್ಗೆ 9.10

ವಾರದಿಂದ ಓದುತ್ತಿದ್ದೇನೆ, ಧಾರಾವಾಹಿಗಿಂತ ಚೆನ್ನಾಗಿದೆ. ಆದರೂ ಒಂದು ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಿವೆ. ನಿಮ್ಮ ಆರ್‌ಒ ಅರ್ಧ ನೀರನ್ನು ಚರಂಡಿಗೆ ಬಿಡುತ್ತದಲ್ಲ, ಅದಕ್ಕೆ ಏನು ಹೇಳುತ್ತೀರಿ? ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ನಗರಕ್ಕೆ ಸಿಗುತ್ತಿದೆ, ಅದನ್ನೇ ಬಳಸಬಾರದೇ?

ಗಾಜುಗಾರ (ತುಮಕೂರು), ಶನಿವಾರ ಬೆಳಿಗ್ಗೆ 9.35

ಕೇಳಬೇಕಾದ ಪ್ರಶ್ನೆಯೇ. ಕುಡಿಯುವ ನಲ್ಲಿ ನೀರನ್ನು ಗಾಜಿಗೆ ಚಿಮ್ಮಿಸಲು ನನಗೆ ಮನಸ್ಸು ಬರುವುದಿಲ್ಲ. ಆರ್‌ಒ ಬಿಡುವ ಉಪ್ಪುನೀರಿಗೆ ಬೇರೆ ಡ್ರಮ್ಮು ಇಟ್ಟಿದ್ದೇವೆ. ವ್ಯಾನು ತೊಳೆಯುವುದು, ಷೆಡ್ಡಿನ ನೆಲ, ಶೌಚಾಲಯ ಎಲ್ಲಕ್ಕೂ ಅದೇ. ಆದರೂ ಎಲ್ಲವೂ ಖರ್ಚಾಗುವುದಿಲ್ಲ, ಸ್ವಲ್ಪ ಚರಂಡಿಗೆ ಹೋಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಗಾಜುಗಾರ (ತುಮಕೂರು), ಭಾನುವಾರ ಸಂಜೆ 6.30

ಸಿಲಿಂಡರ್ ಖಾಲಿ ಮಾಡಿದೆವು. ತಳದ ಬುಟ್ಟಿಯಲ್ಲಿ ಕಿರುಬೆರಳು ತೂರುವಷ್ಟು ಬಿರುಕು ಇತ್ತು. ಹೊಸದು ಹಾಕಿದೆ. ಟ್ಯಾಂಕಿನ ತಳದಲ್ಲಿ ಸಿಕ್ಕ ಕಾಳು ಒಂದು ಟೀ ಲೋಟ ತುಂಬಿತು, ಕೋಲಾರದವರ ಹಿಡಿ ಲೆಕ್ಕ ಕಡಿಮೆಯೇ ಆಯಿತು. ಸುರುಳಿಯ ತುದಿಯಲ್ಲಿ ಕೋಲು ಕಳಚಿ ಹತ್ತು ನಿಮಿಷ ನೀರು ಬಿಟ್ಟೆವು, ಅಲ್ಲಿಂದಲೂ ಒಂದಷ್ಟು ಉದುರಿದವು.

ಜಾಲರಿಯೂ ಸಿಕ್ಕಿತು. ಚಿಕ್ಕವನು ಅದನ್ನು ಎಸೆದಿರಲಿಲ್ಲ. ಡ್ಯಾಷ್‌ಬೋರ್ಡಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕಾಗದ ಮತ್ತು ಕುಂಕುಮದ ಪೊಟ್ಟಣದ ನಡುವೆ, ದಿನಪತ್ರಿಕೆಯ ಚೂರಿನಲ್ಲಿ ಮಡಚಿ ಇಟ್ಟಿದ್ದ. ತೊಳೆದು ಕೂರಿಸಿದೆ. ಈಗ ಬ್ರಷ್ಷಿನ ಬಾಯಲ್ಲಿ ಲೀಟರಿಗೆ 32 ಸೆಕೆಂಡು, ಮೂರನೆಯ ಮಹಡಿಯಲ್ಲಿ ನಾಲ್ಕೂ ಜೆಟ್ ಚಿಮ್ಮುತ್ತಿವೆ. ನಾಳೆ ಬೆಳಿಗ್ಗೆ ಐದಕ್ಕೇ ಹೊರಡುತ್ತೇವೆ.

ದ್ರಾಕ್ಷಿತೋಟ (ಚಿಕ್ಕಬಳ್ಳಾಪುರ), ಭಾನುವಾರ ರಾತ್ರಿ 8.00

ಹಾಗಾದರೆ ನಿಮ್ಮ ಬಳಿ ಈಗ ಎರಡು ಪಂಪು. ಹಳೆಯದನ್ನು ಮಾರುವುದಾದರೆ ಹೇಳಿ, ನನ್ನ ಸ್ಪ್ರೇಯರಿನದು ಮುದುಕನಾಗಿದೆ.

ಗಾಜುಗಾರ (ತುಮಕೂರು), ಭಾನುವಾರ ರಾತ್ರಿ 8.12

ಮಾರುವುದಿಲ್ಲ ಸರ್. ವ್ಯಾನಿನಲ್ಲಿ ಈಗ ಓಡುತ್ತಿರುವುದು ಹಳೆಯದೇ. ಹೊಸದನ್ನು ಒರೆಸಿ ಡಬ್ಬಿಗೆ ಹಾಕಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಆಯುಧಪೂಜೆಗೆ ಎರಡಕ್ಕೂ ಕುಂಕುಮ ಇಡಬೇಕು, ಮಲ್ಟಿಮೀಟರಿಗೂ.